ನೋಡೋಕೂ ಹೋಗಬೇಡ, ಪುಟ್ಟಾ

ಪುಟ್ಟಾ, ನಿಮ್ಮಮ್ಮನನ್ನೂ ಅವಳ ಭಜನಾ ಮಂಡಳಿಯ ನಾಲ್ವರನ್ನೂ ನೇಪಾಳಕ್ಕೆ ಕರೆದುಕೊಂಡು ಹೊರಟಿದ್ದೀಯ ಅಂತ ಕೇಳಿ ತುಂಬ ಸಂತೋಷವಾಯಿತು. ಪಶುಪತಿನಾಥನನ್ನು ಪೂಜಿಸುವ ಭಟ್ಟರು ನಮ್ಮ ಕಡೆಯವರು. ಅಷ್ಟು ದೂರದಲ್ಲಿ ಒಂದು ಕನ್ನಡ ಮಾತು ಕಿವಿಗೆ ಬಿದ್ದರೆ ಅಕ್ಕ ಕಣ್ಣೊರೆಸಿಕೊಳ್ಳುತ್ತಾಳೆ, ನೋಡುತ್ತಿರು. ಹೊರಡುವ ಮುಂಚೆ ಈ ಮಾವನ ನಾಲ್ಕು ಮಾತು ಕೇಳಿಸಿಕೊ.

2025ರ ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ ವಾಟ್ಸಾಪ್, ಫೇಸ್‌ಬುಕ್ ಸೇರಿ 26 ಜಾಲತಾಣಗಳನ್ನು ನಿಷೇಧಿಸಿತು. 8ರಂದು ಎಳೆಯ ಹುಡುಗರು ಬೀದಿಗಿಳಿದರು. ಆ ಒಂದೇ ದಿನ 19 ಜನ ಸತ್ತರು. ಮಾರನೆಯ ದಿನ ಸಂಸತ್ ಭವನ, ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಹೊತ್ತಿ ಉರಿದವು. ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ವಿಮಾನ ನಿಲ್ದಾಣ ಮುಚ್ಚಿತು, ರಾತ್ರಿ ಸೇನೆ ಬಂತು. ಯಾತ್ರೆಗೆ ಹೋಗಿದ್ದ ಕನ್ನಡದವರೂ ಅಲ್ಲಿ ಸಿಕ್ಕಿಕೊಂಡಿದ್ದರು. ನಿಷೇಧದಿಂದ ಬೆಂಕಿಯವರೆಗೆ ಐದೇ ದಿನ. ಹಾಗಾಗಿ ಹೋದ ಊರಿನ ಸುದ್ದಿಯನ್ನು ದಿನಾ ಬೆಳಿಗ್ಗೆ ಓದು, ಇಲ್ಲವಾದರೆ ಲಾಡ್ಜಿನ ಹುಡುಗನನ್ನು ಕೇಳು. ಯಾವ ರಸ್ತೆಗೆ ಹೋಗಬಾರದು ಅನ್ನುವುದು ಅವನಿಗೆ ಗೊತ್ತಿರುತ್ತದೆ.

ನನ್ನ ಭಯ ಇರುವುದು ನಿನ್ನ ಮೊಬೈಲಿನ ಮೇಲೆ. ಘೋಷಣೆ ಕೇಳಿಸಿದರೆ ನಿನ್ನ ಕಾಲು ಅತ್ತ ಹೊರಡುತ್ತದೆ, ಕೈ ವಿಡಿಯೊ ಮಾಡುತ್ತದೆ. ದಯವಿಟ್ಟು ಬೇಡ. ಅಶ್ರುವಾಯು, ಗುಂಡು ಯಾವುದಕ್ಕೂ ನೀನು ಯಾತ್ರಿಕ ಅಂತ ಗೊತ್ತಾಗುವುದಿಲ್ಲ. ಗುಂಪಿಗೆ ನೀನು ಪೊಲೀಸರ ಕಡೆಯವನಂತೆ ಕಾಣಬಹುದು, ಪೊಲೀಸರಿಗೆ ಗುಂಪಿನವನಂತೆ. ಮೆರವಣಿಗೆ ಎದುರಾದರೆ ಅಡ್ಡ ಓಣಿ ಹಿಡಿ, ಓಡಬೇಡ. ಟ್ಯಾಕ್ಸಿಯಲ್ಲಿ ಕೂತು ಅವರ ರಾಜಕೀಯಕ್ಕೆ ತೀರ್ಪು ಕೊಡಬೇಡ. ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ ಅಲ್ಲಿ.

‘ರೂಮಿನಲ್ಲೇ ಇರು’ ಅಂತ ಎಲ್ಲರೂ ಹೇಳುತ್ತಾರೆ. ಬಹುಮಟ್ಟಿಗೆ ಸರಿ. ಆದರೆ ಕಠ್ಮಂಡುವಿನಲ್ಲಿ ಹಿಲ್ಟನ್ ಹೋಟೆಲ್ ಸುಟ್ಟುಹೋಯಿತು, ಬೇರೊಂದು ದೊಡ್ಡ ಹೋಟೆಲಿನಿಂದ ತಪ್ಪಿಸಿಕೊಳ್ಳಲು ಮೇಲಿನಿಂದ ಇಳಿಯಹೋಗಿ ಒಬ್ಬ ಭಾರತೀಯ ಮಹಿಳೆ ಪ್ರಾಣ ಬಿಟ್ಟರು. ಅದಕ್ಕೇ ಹೇಳುತ್ತೇನೆ, ಸರ್ಕಾರಿ ಕಚೇರಿ, ಮಂತ್ರಿಗಳ ಮನೆ ಇರುವ ಬೀದಿ ಬಿಟ್ಟು ಸಣ್ಣ ಲಾಡ್ಜ್ ಹಿಡಿ. ಮೊದಲ ಇಲ್ಲವೇ ಎರಡನೇ ಮಹಡಿಯಲ್ಲೇ ಕೋಣೆ ಕೇಳು; ವಯಸ್ಸಾದವರ ಮಂಡಿಗೂ ಅದೇ ಒಳ್ಳೆಯದು. ಬ್ಯಾಗ್ ಇಟ್ಟ ಕೂಡಲೇ ಹಿಂದಿನ ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ ಅಂತ ಒಮ್ಮೆ ನಡೆದು ನೋಡು.

ವಿಮಾನ ಹೊರಡುವುದು ಖಾತ್ರಿಯಾಗದೆ ಏರ್‌ಪೋರ್ಟಿಗೆ ಧಾವಿಸಬೇಡ. ಕರ್ಫ್ಯೂ ಇದ್ದಾಗ ಸೋನೌಲಿ, ರಕ್ಸೌಲ್ ಗಡಿ ಮುಟ್ಟಿಸುತ್ತೇನೆ ಅಂತ ಯಾವನೋ ಡ್ರೈವರ್ ಹೇಳಿದರೆ ರಾತ್ರಿ ಹತ್ತಬೇಡ. ನಮ್ಮ ರಾಯಭಾರ ಕಚೇರಿಗೆ ಫೋನು ಮಾಡಿ, ಎಲ್ಲಿದ್ದೀರಿ, ಎಷ್ಟು ಜನ ಅಂತ ಬರೆಸು. ಆ ನಂಬರನ್ನು ಮೊದಲೇ ಕಾಗದದಲ್ಲಿ ಬರೆದು ಐವರ ಕೈಗೂ ಕೊಡು. 2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಇಂಟರ್ನೆಟ್ಟೇ ನಿಂತಾಗ ಅಲ್ಲಿ ಓದುತ್ತಿದ್ದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳ ಮನೆಯವರು ಪಟ್ಟ ಪಾಡು ನಿನಗೂ ಗೊತ್ತು.

ಆಧಾರ್ ಒಂದನ್ನೇ ನಂಬಬೇಡ, ಎಲ್ಲರೂ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಇಟ್ಟುಕೊಳ್ಳಲಿ. ಎಟಿಎಂ ಮುಚ್ಚಿದರೆ ಅಂತ ಮೂರು ದಿನದ ಊಟಕ್ಕಾಗುವಷ್ಟು ನೇಪಾಳಿ ರೂಪಾಯಿ ಕೈಯಲ್ಲಿರಲಿ. ಅಕ್ಕನ ಬಿಪಿ ಮಾತ್ರೆ ಹದಿನೈದು ದಿನಕ್ಕೆ ಹೆಚ್ಚಾಗಿ ಕಟ್ಟು. ‘ಯಾಕೋ ಅಷ್ಟೊಂದು’ ಅಂತ ಅವಳು ತೆಗೆದಿಡುತ್ತಾಳೆ, ನಿನ್ನ ಬ್ಯಾಗಿನಲ್ಲೇ ಇಟ್ಟುಕೊ. ರಾತ್ರಿ ಎಂಟಕ್ಕೆ ಒಂದು ಎಸ್‌ಎಂಎಸ್ ಹಾಕು. ನಿಮ್ಮತ್ತೆ ಅದು ಬರುವ ತನಕ ಊಟಕ್ಕೆ ಕೂರುವುದಿಲ್ಲ.