ಹೈಸ್ಕೂಲಿನ ಮೂರು ವರ್ಷ: ಮಕ್ಕಳ ಕೈ ಬಿಡದಿರೋಣ



ಪ್ರತಿ ವಾರ ಸಂಘದ ಸಭೆಯಲ್ಲಿ ಕುಳಿತಾಗ ನಾವು ಮೊದಲು ನೋಡುವುದು ಉಳಿತಾಯದ ಪುಸ್ತಕ, ಆಮೇಲೆ ಸಾಲದ ಕಂತು. ಯಾರು ಕಟ್ಟಿದರು, ಯಾರು ಕಟ್ಟಲಿಲ್ಲ ಎಂದು ಒಂದೊಂದು ರೂಪಾಯಿಗೂ ಲೆಕ್ಕ ಇಡುತ್ತೇವೆ. ಈ ಸಲದ ಪಾಠದಲ್ಲಿ ಇನ್ನೊಂದು ಲೆಕ್ಕ ನೋಡೋಣ. ನಮ್ಮ ಸಂಘದ ಮನೆಗಳಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಎಷ್ಟು ಮಂದಿ ಇದ್ದಾರೆ? ಅವರಲ್ಲಿ ಎಷ್ಟು ಮಂದಿ ನಿಜವಾಗಿ ಓದುತ್ತಿದ್ದಾರೆ?

ಒಂದು ಸಭೆಯಲ್ಲಿ ನಡೆದದ್ದು

2025ರ ಮೇ ತಿಂಗಳು. ಮಾಗಡಿ ರಸ್ತೆಯ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಕಂತು ಕಟ್ಟುವಾಗ ಒಬ್ಬ ತಾಯಿ, "ನನ್ ಮಗ ಗಣಿತದಲ್ಲಿ ಹೋದ ಸಿಸ್ಟರ್. ಅವನ ತಲೆಗೆ ಓದು ಹತ್ತಲ್ಲ ಬಿಡಿ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಶಾಪಿಗೆ ಹಾಕಿದೀವಿ" ಅಂದರು. ನಾವೆಲ್ಲ "ಅಯ್ಯೋ ಪಾಪ" ಅಂದೆವು. ಸಭೆ ಮುಂದುವರಿಯಿತು, ಮುಂದಿನ ಸಾಲದ ಅರ್ಜಿ ಬಂತು.

ಅದೇ ತಿಂಗಳ ಕೊನೆಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ-2 ಇತ್ತು. ಗಣಿತ ಒಂದನ್ನೇ ಬರೆದು ಅವನು ಪಾಸಾಗಬಹುದಿತ್ತು. ಹೆಸರು ನೋಂದಾಯಿಸುವ ಕೊನೆಯ ದಿನ ಮುಗಿದ ಮೇಲೆ ಅದು ನಮಗೆ ಹೊಳೆಯಿತು. ಸಭೆಯಲ್ಲಿ ಹದಿನೈದು ಜನ ಹೆಂಗಸರಿದ್ದೆವು, ಓದಿದವರೂ ಇದ್ದೆವು. ಒಬ್ಬರೂ "ಮತ್ತೆ ಕಟ್ಟಿಸಿದ್ದೀಯೇನಮ್ಮ?" ಎಂದು ಕೇಳಲಿಲ್ಲ. ಆ ತಪ್ಪು ತಾಯಿಯದು ಮಾತ್ರವಲ್ಲ, ನಮ್ಮದೂ ಹೌದು. ಹುಡುಗ ಈಗಲೂ ಲೇತ್ ಶಾಪಿನಲ್ಲೇ ಇದ್ದಾನೆ. ವಾರದ ಕೊನೆಗೆ ಕೈಗೆ ದುಡ್ಡು ಬರುತ್ತದೆ. ಈಗ ಪರೀಕ್ಷೆ ಬರೆಯಪ್ಪ ಎಂದರೆ ಅವನಿಗೆ ಮನಸ್ಸಿಲ್ಲ.

ಆದ್ದರಿಂದಲೇ ಈ ಪಾಠ. ಮಗು ಶಾಲೆ ಬಿಡುವುದು ಒಂದೇ ದಿನದಲ್ಲಿ ಅಲ್ಲ. ಮೂರು ವರ್ಷ ನಿಧಾನವಾಗಿ ಕೈ ಜಾರುತ್ತದೆ. ಯಾರಾದರೂ ಹಿಡಿದುಕೊಂಡರೆ ಉಳಿಯುತ್ತದೆ.

ಮಕ್ಕಳಿಗೆ ಕಷ್ಟವಾಗುವುದು ಎಲ್ಲಿ?

1. ತಳಪಾಯ ಅಲುಗಾಡಿದೆ: ಕೊರೊನಾ ಕಾಲದಲ್ಲಿ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಸುಮಾರು ಹತ್ತೊಂಬತ್ತು ತಿಂಗಳು! 2025–26ರಲ್ಲಿ ಹತ್ತನೇ ತರಗತಿಯಲ್ಲಿ ಓದಿದ ಮಗು ತನ್ನ ಐದನೇ ತರಗತಿಯನ್ನು ಮನೆಯಲ್ಲೇ ಕಳೆದಿದೆ. ಎಂಟನೇ ತರಗತಿಯಲ್ಲಿ ಓದಿದ ಮಗು ಮೂರನೇ ತರಗತಿಯನ್ನು ಮನೆಯಲ್ಲಿ ಕಳೆದಿದೆ. ಭಾಗಾಕಾರ, ಭಿನ್ನರಾಶಿ, ಓದಿ ಅರ್ಥ ಮಾಡಿಕೊಳ್ಳುವುದು ಇವೆಲ್ಲ ಕಲಿಯುವ ವಯಸ್ಸು ಅದೇ. ಪಾಠ ಮೊಬೈಲ್‌ನಲ್ಲಿ ಬಂತು, ಆದರೆ ಮನೆಗೆ ಇದ್ದದ್ದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಈಗ ಬೀಜಗಣಿತ ತಲೆಗೆ ಹತ್ತುವುದಿಲ್ಲ ಎಂದರೆ ಮಗು ದಡ್ಡ ಅಲ್ಲ. ಕೆಳಗಿನ ಮೆಟ್ಟಿಲು ಇಲ್ಲದೆ ಮೇಲಿನದಕ್ಕೆ ಕಾಲಿಡು ಎನ್ನುತ್ತಿದ್ದೇವೆ.

2. ಎಂಟನೇ ತರಗತಿಗೆ ಆರ್.ಟಿ.ಇ. ಮುಗಿಯುತ್ತದೆ: 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿವರೆಗೆ ಮಾತ್ರ. ಖಾಸಗಿ ಶಾಲೆಯಲ್ಲಿ ಆರ್.ಟಿ.ಇ. ಸೀಟಿನಲ್ಲಿ ಓದಿದ ಮಗು ಒಂಬತ್ತಕ್ಕೆ ಬಂದ ಕೂಡಲೇ ಪೂರ್ತಿ ಫೀಸು ಕಟ್ಟಬೇಕಾಗುತ್ತದೆ. ಇದು ಗೊತ್ತಿಲ್ಲದೆ ಜೂನ್‌ನಲ್ಲಿ ಕೈಸಾಲಕ್ಕೆ ಓಡಾಡಿದ ತಾಯಂದಿರನ್ನು ನಾವು ಕಂಡಿದ್ದೇವೆ.

3. ಮನೆಯಲ್ಲಿ ಜಾಗವಿಲ್ಲ, ಸಮಯವಿಲ್ಲ: ಬಾಡಿಗೆಗೆ ಒಂದೇ ಕೋಣೆ. ಅಲ್ಲೇ ಅಡುಗೆ, ಅಲ್ಲೇ ಟಿ.ವಿ., ಅಲ್ಲೇ ನಿದ್ದೆ. ಅಮ್ಮ ಪೀಣ್ಯದ ಅಥವಾ ಮೈಸೂರು ರಸ್ತೆಯ ಗಾರ್ಮೆಂಟ್ಸಿನಿಂದ ಬರುವಷ್ಟರಲ್ಲಿ ಕತ್ತಲೆ. ಅಷ್ಟು ಹೊತ್ತಿಗೆ ಹೆಣ್ಣುಮಗು ನೀರು ಹಿಡಿದು, ಪಾತ್ರೆ ತೊಳೆದು, ತಮ್ಮನನ್ನು ನೋಡಿಕೊಂಡು, ಅನ್ನಕ್ಕಿಟ್ಟಿರುತ್ತಾಳೆ. ಪುಸ್ತಕ ತೆಗೆಯುವಾಗ ಕಣ್ಣು ಎಳೆಯುತ್ತದೆ.

4. ಭಾಷೆ: ರಾಯಚೂರು, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದ ಮನೆಗಳ ಮಕ್ಕಳು, ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ನಮ್ಮಲ್ಲಿದ್ದಾರೆ. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವವರೂ ಇದ್ದಾರೆ. ವಿಜ್ಞಾನ ಗೊತ್ತಿದ್ದರೂ ಪ್ರಶ್ನೆ ಅರ್ಥವಾಗುವುದಿಲ್ಲ. ಮಾಧ್ಯಮ ಬದಲಿಸುವ ಮೊದಲು ಮಗುವನ್ನೂ ಮೇಷ್ಟ್ರನ್ನೂ ಕೇಳಿ.

5. ಮೊಬೈಲ್: ಹೋಂವರ್ಕ್ ಕೂಡ ವಾಟ್ಸ್‌ಆ್ಯಪ್‌ನಲ್ಲಿ ಬರುವುದರಿಂದ ಫೋನು ಕೊಡಲೇಬೇಕಾಗಿದೆ. ಆದರೆ ಹೋಂವರ್ಕ್ ಹತ್ತು ನಿಮಿಷ, ರೀಲ್ಸ್ ಎರಡು ಗಂಟೆ. ಕಿತ್ತುಕೊಂಡು ಹೊಡೆದರೆ ಮಗು ಕದ್ದು ನೋಡುತ್ತದೆ. ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ ಯಾರ ಫೋನೂ ಇಲ್ಲ, ಅಪ್ಪನದೂ ಇಲ್ಲ ಎಂದು ನಿಯಮ ಮಾಡಿದರೆ ಮಗು ಒಪ್ಪುತ್ತದೆ.

ಗಂಡುಮಕ್ಕಳನ್ನು ಮರೆತಿದ್ದೇವೆಯೇ?

ಹೆಣ್ಣುಮಕ್ಕಳ ಓದಿನ ಬಗ್ಗೆ ನಾವು ಬಹಳ ಪಾಠ ಮಾಡಿದ್ದೇವೆ, ಇನ್ನೂ ಮಾಡಬೇಕು. ಆದರೆ 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆ-1ರ ಫಲಿತಾಂಶ ನೋಡಿ. ಮೊದಲ ಸಲ ಬರೆದವರಲ್ಲಿ ಶೇ. 66.14 ಮಂದಿ ಪಾಸಾದರು. ಹೆಣ್ಣುಮಕ್ಕಳು ಶೇ. 74, ಗಂಡುಮಕ್ಕಳು ಶೇ. 58 ಮಾತ್ರ. ಅಂದರೆ ಐದು ಜನ ಹುಡುಗರಲ್ಲಿ ಇಬ್ಬರು ಮೊದಲ ಪರೀಕ್ಷೆಯಲ್ಲಿ ಉಳಿದುಬಿಟ್ಟರು.

ಮಗಳು ಸಂಜೆ ಅರ್ಧ ಗಂಟೆ ತಡವಾಗಿ ಬಂದರೆ ಬೀದಿ ತುದಿಗೆ ಹೋಗಿ ನಿಲ್ಲುತ್ತೇವೆ. ಮಗ ರಾತ್ರಿ ಹತ್ತಕ್ಕೆ ಬಂದರೂ "ಗಂಡು ಹುಡುಗ ಅಲ್ವಾ" ಎನ್ನುತ್ತೇವೆ. ಅವನು ಬೆಳಿಗ್ಗೆ ಪೇಪರ್ ಹಾಕುತ್ತಾನೆ, ರಜೆಯಲ್ಲಿ ವೆಲ್ಡಿಂಗ್ ಶಾಪಿಗೆ ಹೋಗುತ್ತಾನೆ, ಆಮೇಲೆ ರಜೆ ಮುಗಿದರೂ ಹೋಗುತ್ತಾನೆ. ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18 ವರ್ಷದವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. 2016ರ ತಿದ್ದುಪಡಿಯಿಂದ ಇದು ಜಾರಿಯಲ್ಲಿದೆ. ಹುಡುಗ ತಂದುಕೊಡುವ ದುಡ್ಡು ಮನೆಗೆ ಬೇಕು ನಿಜ. ಆದರೆ ಹತ್ತನೇ ತರಗತಿ ಸರ್ಟಿಫಿಕೇಟ್ ಇಲ್ಲದ ಹುಡುಗ ನಲವತ್ತು ವರ್ಷವಾದರೂ ಹೆಲ್ಪರ್ ಆಗಿಯೇ ಉಳಿಯುವ ಭಯವಿದೆ.

ಹೆಣ್ಣುಮಕ್ಕಳಿಗೆ ಫೇಲ್ ಎನ್ನುವ ಮಾತು ಬಂದರೆ ಇನ್ನೊಂದು ಅಪಾಯ. "ಒಳ್ಳೇ ಕಡೆ ಸಂಬಂಧ ಬಂದಿದೆ" ಎಂಬ ಮಾತು ಶುರುವಾಗುತ್ತದೆ. 18 ತುಂಬದೆ ಮದುವೆ ಮಾಡುವುದು ಅಪರಾಧ. ಅಂಥ ಸುದ್ದಿ ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು.

ಸಿಗುವ ನೆರವು ಏನೇನು?

• ಸರ್ಕಾರಿ ಪ್ರೌಢಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಸಿಗುತ್ತದೆ. ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ. ಆರ್.ಟಿ.ಇ. ಮುಗಿದ ಮಗುವಿಗೆ ಫೀಸು ಕಟ್ಟಲಾಗದಿದ್ದರೆ ಇದು ಒಳ್ಳೆಯ ದಾರಿ, ಅವಮಾನವಲ್ಲ.

• ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ: ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆಯಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಎಂಟನೇ ತರಗತಿ ದಾಟಿದರೆ ಈ ಅವಕಾಶ ಇಲ್ಲ. ಆದ್ದರಿಂದ ಶಾಲೆ ಶುರುವಾದ ಕೂಡಲೇ ಹೆಡ್‌ಮಾಸ್ಟರನ್ನು ಕೇಳಿ.

• ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್.ಎಸ್.ಪಿ.): ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಅರ್ಜಿ ನಿಂತುಬಿಡುತ್ತದೆ. ಬೇಸಿಗೆ ರಜೆಯಲ್ಲೇ ಸರಿ ಮಾಡಿಸಿ.

• ಗಾರ್ಮೆಂಟ್ಸ್, ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಧನಸಹಾಯವಿದೆ. ಗಾರೆ ಕೆಲಸ, ಕಟ್ಟಡ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿದ್ದರೆ ಅಲ್ಲಿ ಅರ್ಜಿ ಹಾಕಬಹುದು.

• 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಿ.ಎಂ.ಟಿ.ಸಿ. ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಶಾಲೆ ದೂರ ಎಂಬ ಕಾರಣಕ್ಕೆ ಮಗಳನ್ನು ಬಿಡಿಸಬೇಕಾಗಿಲ್ಲ.

• ಓದಲು ಜಾಗ: ವಿಜಯನಗರದ ಹಂಪಿನಗರದಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆ. ಬಡಾವಣೆಗಳಲ್ಲಿ ಶಾಖೆಗಳೂ ಇವೆ. ಭಾನುವಾರ ಇಬ್ಬರು ತಾಯಂದಿರು ಐದಾರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ ಬನ್ನಿ. ಆಮೇಲೆ ಅವರೇ ಹೋಗುತ್ತಾರೆ.

• ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, "ನಾನು ಬದುಕಿ ಏನು ಮಾಡಲಿ" ಎಂದರೆ ಬೈಯಬೇಡಿ, ಒಬ್ಬಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಫೇಲಾದರೆ ಮೊದಲ ವಾರದಲ್ಲಿ ಮಾಡಬೇಕಾದದ್ದು

ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. 2024, 2025ರಲ್ಲಿ ಮೂರು ಪರೀಕ್ಷೆಗಳು ನಡೆದವು. ಫೇಲಾದ ವಿಷಯ ಮಾತ್ರ ಬರೆದರೆ ಸಾಕು. ಪಾಸಾದರೆ ಅದೇ ವರ್ಷ ಕಾಲೇಜಿಗೆ ಸೇರಬಹುದು. ವೇಳಾಪಟ್ಟಿಯನ್ನು ಮಂಡಳಿ ಪ್ರತಿ ವರ್ಷ ಪ್ರಕಟಿಸುತ್ತದೆ, ನೋಂದಣಿಗೆ ಕೊಡುವ ದಿನಗಳು ಮಾತ್ರ ಬಹಳ ಕಡಿಮೆ. ಆದ್ದರಿಂದ:

ಮೊದಲನೆಯದು, ಫಲಿತಾಂಶ ಬಂದ ದಿನ ಹೊಡೆಯುವುದು, ಪಕ್ಕದ ಮನೆ ಮಗುವಿಗೆ ಹೋಲಿಸುವುದು ಬೇಡ. ಆ ರಾತ್ರಿ ಮಗುವಿನ ಜೊತೆ ಕೂತು ಊಟ ಮಾಡಿ.

ಎರಡನೆಯದು, ಮರುದಿನವೇ ಮಗುವಿನ ಜೊತೆ ಶಾಲೆಗೆ ಹೋಗಿ. ಮುಂದಿನ ಪರೀಕ್ಷೆ ಯಾವಾಗ, ಹೆಸರು ಕೊಡಲು ಕೊನೆಯ ದಿನ ಯಾವುದು ಎಂದು ಬರೆಸಿಕೊಳ್ಳಿ.

ಮೂರನೆಯದು, ಕಡಿಮೆ ಅಂಕದಲ್ಲಿ ಹೋಗಿದ್ದು ಅನುಮಾನ ಬಂದರೆ ಉತ್ತರಪತ್ರಿಕೆಯ ನಕಲು, ಮರುಮೌಲ್ಯಮಾಪನದ ಬಗ್ಗೆಯೂ ಅಲ್ಲೇ ಕೇಳಿ.

ನಾಲ್ಕನೆಯದು, ಸಂಘಕ್ಕೆ ತಿಳಿಸಿ. ಮುಚ್ಚಿಡಬೇಡಿ.

ಪಾಸಾದ ಮೇಲೆ ಪಿ.ಯು.ಸಿ. ಒಂದೇ ದಾರಿಯಲ್ಲ. ಐ.ಟಿ.ಐ., ಡಿಪ್ಲೊಮಾ ಇವೆ. ನಮ್ಮ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿ.ಟಿ.ಟಿ.ಸಿ.) ಇದೆ. ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಅಲ್ಲಿ ಡಿಪ್ಲೊಮಾ ಕಲಿಸುತ್ತಾರೆ. ಯಂತ್ರದ ಕೆಲಸ ಇಷ್ಟಪಡುವ ಹುಡುಗ ಲೇತ್ ಶಾಪಿಗೇ ಹೋಗಲಿ, ಆದರೆ ಕಲಿತು ಹೋಗಲಿ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ಶಾಲೆಗೆ ಹೋಗಲು ಹೆದರುತ್ತಾಳೆ. "ನಾನು ಓದಿಲ್ಲ, ಮೇಷ್ಟ್ರು ಏನಂತಾರೋ" ಎಂಬ ಅಳುಕು. ಒಂದು ದಿನ ರಜೆ ಹಾಕಿದರೆ ಸಂಬಳ ಹೋಗುತ್ತದೆ. ಆದರೆ ಸಂಘ ಎಂದರೆ ಹದಿನೈದು, ಇಪ್ಪತ್ತು ಜನ. ಸರದಿಯಲ್ಲಿ ಇಬ್ಬರು ಹೋದರೆ ಹತ್ತು ಮಕ್ಕಳ ವಿಷಯ ತಿಳಿದು ಬರಬಹುದು.

• ತಿಂಗಳಿಗೊಂದು ಸಭೆಯಲ್ಲಿ ಹದಿನೈದು ನಿಮಿಷ ಮಕ್ಕಳ ಓದಿಗೆ ಇಡಿ. ನಡಾವಳಿ ಪುಸ್ತಕದಲ್ಲಿ ಹೈಸ್ಕೂಲ್ ಮಕ್ಕಳ ಪಟ್ಟಿ ಬರೆಯಿರಿ. ಹಾಜರಿ ಹೇಗಿದೆ ಎಂದು ಕೇಳಿ. ಎಸ್.ಎಸ್.ಎಲ್.ಸಿ. ಬರೆಯಲು ಶೇ. 75 ಹಾಜರಿ ಬೇಕು.

• ಸಂಜೆ ಏಳರಿಂದ ಎಂಟೂವರೆವರೆಗೆ ಓದುವ ಮನೆ ಗುರುತಿಸಿ. ಸ್ವಲ್ಪ ದೊಡ್ಡ ಹಜಾರವಿರುವ ಸದಸ್ಯೆ ಜಾಗ ಕೊಡಲಿ. ಪಿ.ಯು.ಸಿ. ಓದುವ ನಮ್ಮದೇ ಮಕ್ಕಳು ಚಿಕ್ಕವರಿಗೆ ಗಣಿತ ಹೇಳಿಕೊಡಲಿ. ಮೊದಲು ಮಗ್ಗಿ, ಭಾಗಾಕಾರದಿಂದ ಶುರು ಮಾಡಲಿ, ನಾಚಿಕೆ ಬೇಡ.

• ಸಾಲದ ವಿಷಯದಲ್ಲಿ ನಮ್ಮನ್ನೇ ಕೇಳಿಕೊಳ್ಳೋಣ. ಸೀಮಂತ, ನಾಮಕರಣಕ್ಕೆ ಸಾಲ ಕೇಳಿದರೆ ಕೂಡಲೇ ಒಪ್ಪುತ್ತೇವೆ. ಪುಸ್ತಕ, ಫೀಸಿಗೆ ಕೇಳಿದರೆ "ಮುಂದಿನ ವಾರ ನೋಡೋಣ" ಎನ್ನುತ್ತೇವೆ. ಮೇ, ಜೂನ್‌ನಲ್ಲಿ ಓದಿನ ಸಾಲಕ್ಕೆ ಮೊದಲ ಸರದಿ ಎಂದು ಠರಾವು ಮಾಡಿ. ಗೃಹಲಕ್ಷ್ಮಿ ಹಣ ಬರುವ ತಾಯಂದಿರು ಅದರಲ್ಲಿ ಸ್ವಲ್ಪವನ್ನು ಮಗುವಿನ ಓದಿಗೆಂದೇ ಬೇರೆ ಉಳಿತಾಯ ಮಾಡಬಹುದು.

ಸಹೋದರಿಯರೇ, ನಮ್ಮಲ್ಲಿ ಅನೇಕರು ಸಹಿ ಹಾಕಲು ಕಲಿತದ್ದೇ ಸಂಘಕ್ಕೆ ಬಂದ ಮೇಲೆ. ಹೆಬ್ಬೆಟ್ಟು ಒತ್ತುವಾಗ ಎಷ್ಟು ಸಂಕಟವಾಗುತ್ತಿತ್ತು, ನಿಮಗೆ ನೆನಪಿದೆ. ಒಬ್ಬ ಸದಸ್ಯೆ ಕಂತು ತಪ್ಪಿಸಿದರೆ ಅವತ್ತೇ ಸಂಜೆ ಅವಳ ಮನೆಗೆ ಹೋಗುತ್ತೇವಲ್ಲ, ಹಾಗೇ ಒಂದು ಮಗು ನಾಲ್ಕು ದಿನ ಶಾಲೆ ತಪ್ಪಿಸಿದರೂ ಹೋಗೋಣ. ಲೇತ್ ಶಾಪಿನ ಆ ಹುಡುಗನ ಮನೆಗೂ ನಾವು ಇನ್ನೊಮ್ಮೆ ಹೋಗಬೇಕಾಗಿದೆ. ಈ ಸಲ ಅರ್ಜಿಯ ತಾರೀಖು ಕೇಳಿಕೊಂಡು ಹೋಗುತ್ತೇವೆ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದ ಮನೆಗಳಲ್ಲಿ ಹತ್ತನೇ ತರಗತಿಗೆ ಮೊದಲೇ ಶಾಲೆ ಬಿಟ್ಟ ಮಕ್ಕಳು ಯಾರಾದರೂ ಇದ್ದಾರೆಯೇ? ಅವರು ಬಿಟ್ಟಾಗ ನಾವು ಏನು ಮಾಡಿದೆವು?

2. ಮಗಳಿಗೆ ಮನೆಕೆಲಸ ಎಷ್ಟು, ಮಗನಿಗೆ ಎಷ್ಟು? ಇಬ್ಬರಿಗೂ ಓದಲು ದಿನಕ್ಕೆ ಒಂದೂವರೆ ಗಂಟೆ ಬಿಡಿಸಿಕೊಡಲು ಏನು ಬದಲಿಸಬೇಕು?

3. ಕಳೆದ ಒಂದು ವರ್ಷದಲ್ಲಿ ಸಂಘ ಕೊಟ್ಟ ಸಾಲದಲ್ಲಿ ಓದಿಗೆ ಹೋದದ್ದು ಎಷ್ಟು? ಪುಸ್ತಕ ತೆಗೆದು ಲೆಕ್ಕ ಹಾಕಿ.

4. ಈ ತಿಂಗಳು ಶಾಲೆಗೆ ಹೋಗಿ ಬರುವ ಇಬ್ಬರು ಯಾರು? ಹೆಸರನ್ನು ಇವತ್ತೇ ನಡಾವಳಿಯಲ್ಲಿ ಬರೆಯಿರಿ.