ಆಕಾಶಯುದ್ಧದಲ್ಲಿ ಕರ್ತೃಪದ

ಭಾಷೆಯನ್ನೂ ವ್ಯಾಕರಣವನ್ನೂ ಪಾಠ ಹೇಳುವವನಿಗೆ ಯುದ್ಧವಿಮಾನಗಳ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಚಾಲಕನಿಲ್ಲದೆ ಹಾರುವ, ಈಚೆಗೆ ತನ್ನ ಗುರಿಯನ್ನು ತಾನೇ ಹುಡುಕಿಕೊಳ್ಳತೊಡಗಿರುವ ಡ್ರೋನುಗಳನ್ನು ಕುರಿತು ಪ್ರಪಂಚದ ಸೇನಾನಾಯಕರೂ ಕಾನೂನುಪಂಡಿತರೂ ನಡೆಸುತ್ತಿರುವ ಚರ್ಚೆಯನ್ನು ಲಕ್ಷ್ಯವಿಟ್ಟು ಓದಿದರೆ, ಅದರ ತಿರುಳು ನಮ್ಮ ಪ್ರೌಢಶಾಲೆಯ ಕಾರಕಪ್ರಕರಣದಲ್ಲಿಯೇ ಅಡಗಿದೆಯೆಂಬುದು ಗೋಚರವಾಗುತ್ತದೆ. ಒಂದು ಕ್ರಿಯೆ ನಡೆದಿದೆ. ಅದರ ಕರ್ತೃ ಯಾರು, ಕರಣ ಯಾವುದು? ವಿಷಯ ಇಷ್ಟೇ. ಆದರೆ ಆ ಕ್ರಿಯೆ ಮನುಷ್ಯವಧೆಯಾದಾಗ, ಉತ್ತರ ತಪ್ಪಿದರೆ ಹೋಗುವುದು ಪರೀಕ್ಷೆಯ ಎರಡು ಅಂಕಗಳಷ್ಟೇ ಅಲ್ಲ.

ಮೊದಲು ಹೆಸರನ್ನೇ ನೋಡೋಣ. ಡ್ರೋನ್ ಎಂದರೆ ಇಂಗ್ಲಿಷಿನಲ್ಲಿ ಗಂಡುಜೇನು. ೧೯೩೫ರ ಸುಮಾರಿಗೆ ಬ್ರಿಟಿಷರು ತಮ್ಮ ಗೋಲಂದಾಜರಿಗೆ ಗುರಿಯ ಅಭ್ಯಾಸ ಮಾಡಿಸಲೆಂದು, ರೇಡಿಯೋ ಅಲೆಗಳ ಮೂಲಕ ನಡೆಸಬಹುದಾದ ವಿಮಾನವೊಂದನ್ನು ಸಿದ್ಧಪಡಿಸಿ ಅದಕ್ಕೆ ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂದು ಹೆಸರಿಟ್ಟರು. ಅದನ್ನು ಅನುಸರಿಸಿ ಅಮೆರಿಕದ ನೌಕಾಪಡೆಯವರು ತಮ್ಮ ಯಂತ್ರವನ್ನು ‘ಡ್ರೋನ್’ ಎಂದು ಕರೆದರೆಂಬುದು ಸಾಮಾನ್ಯವಾಗಿ ಹೇಳುವ ವ್ಯುತ್ಪತ್ತಿ. ಗಂಡುಜೇನಿಗೆ ಕೊಂಡಿಯಿಲ್ಲ, ಅದು ಕಚ್ಚಲಾರದು. ಹೊಡೆಸಿಕೊಳ್ಳುವುದಕ್ಕೆಂದೇ ಹುಟ್ಟಿದ ಯಂತ್ರಕ್ಕೆ ಆ ಹೆಸರು ಒಪ್ಪುವಂತಹುದೇ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಡ್ರೋನ್ ಎಂಬ ಶಬ್ದ ಯುದ್ಧವಾಕ್ಯವನ್ನು ಪ್ರವೇಶಿಸಿದ್ದು ದ್ವಿತೀಯಾ ವಿಭಕ್ತಿಯಲ್ಲಿ, ಕರ್ಮಪದವಾಗಿ. ಅನಂತರ ತೃತೀಯೆಗೆ ಬಂದು ಕರಣವಾಯಿತು. ಈಗ ಪ್ರಥಮೆಯ ಹೊಸ್ತಿಲಲ್ಲಿ ನಿಂತಿದೆ.

ಇಲ್ಲಿ ಪಾಠವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ‘ಬಡಗಿಯು ಕೊಡಲಿಯಿಂದ ಮರವನ್ನು ಕಡಿದನು’ ಎಂಬಲ್ಲಿ ಬಡಗಿ ಕರ್ತೃ, ಕೊಡಲಿ ಕರಣ, ಮರ ಕರ್ಮ. ಕರ್ತೃವಿಗೆ ಶಾಸ್ತ್ರಕಾರರು ಹೇಳಿರುವ ಲಕ್ಷಣ ಸ್ವಾತಂತ್ರ್ಯ. ಉಳಿದ ಕಾರಕಗಳು ಅವನು ತೊಡಗಿಸಿದರೆ ತೊಡಗುತ್ತವೆ, ನಿಲ್ಲಿಸಿದರೆ ನಿಲ್ಲುತ್ತವೆ. ಆದರೂ ‘ಈ ಕೊಡಲಿ ಚೆನ್ನಾಗಿ ಕಡಿಯುತ್ತದೆ’ ಎಂದು ನಾವು ಆಡುವುದುಂಟು. ಅದು ತಪ್ಪು ಪ್ರಯೋಗವಲ್ಲ. ಕರಣವನ್ನೇ ಕರ್ತೃವಾಗಿ ಹೇಳಬೇಕೆಂಬ ಇಚ್ಛೆ ನುಡಿಯುವವನಿಗಿದ್ದರೆ ಹಾಗೆ ನುಡಿಯಬಹುದೆಂದು ವೈಯಾಕರಣರು ವಿವಕ್ಷೆಯ ಬಲದಿಂದ ಒಪ್ಪಿದ್ದಾರೆ. ಹಾಗೆಂದು ಕೊಡಲಿಯನ್ನು ಯಾರೂ ನ್ಯಾಯಾಲಯಕ್ಕೆ ಎಳೆಯುವುದಿಲ್ಲ. ಇನ್ನು ಪ್ರೇರಣಾರ್ಥಕ: ‘ಯಜಮಾನನು ಬಡಗಿಯಿಂದ ಮರವನ್ನು ಕಡಿಸಿದನು.’ ಮೇಲಿನ ವಾಕ್ಯದಲ್ಲಿ ಕೊಡಲಿಗೆ ಬಂದ ‘ಇಂದ’ ಪ್ರತ್ಯಯವೇ ಇಲ್ಲಿ ಬಡಗಿಗೂ ಬಂದಿದೆ. ಪ್ರತ್ಯಯ ಒಂದಾದರೂ ಪದವಿ ಬೇರೆ. ಬಡಗಿಯು ಪ್ರಯೋಜ್ಯಕರ್ತೃ, ‘ಇದು ನೆರೆಯವರ ಮರ, ನಾನು ಕಡಿಯಲೊಲ್ಲೆ’ ಎನ್ನಬಲ್ಲವನು. ಕೊಡಲಿಗೆ ಒಲ್ಲೆನೆನ್ನುವ ಶಕ್ತಿಯಿಲ್ಲ. ‘ಕಡಿದನು’, ‘ಕಡಿಸಿದನು’ ಎಂಬ ಎರಡು ರೂಪಗಳ ಅಂತರವೆಲ್ಲ ಈ ಒಲ್ಲೆನೆನ್ನುವ ಶಕ್ತಿಯಲ್ಲಿದೆಯೆಂದು ನಾನು ತಿಳಿದಿದ್ದೇನೆ. ಹಾಗಾದರೆ ದಳಪತಿಯೊಬ್ಬನು ಡ್ರೋನಿನಿಂದ ಶತ್ರುವನ್ನು ‘ಕೊಂದನು’ ಎನ್ನಬೇಕೆ, ‘ಕೊಲ್ಲಿಸಿದನು’ ಎನ್ನಬೇಕೆ?

ಚಾಲಕನಿಲ್ಲದ ಆಯುಧ ಹೊಸತೇನಲ್ಲ. ೧೮೪೯ರಲ್ಲಿ ವೆನಿಸ್ ನಗರವನ್ನು ಮುತ್ತಿದ್ದ ಆಸ್ಟ್ರಿಯದವರು ಬಾಂಬು ಕಟ್ಟಿದ ಬೆಲೂನುಗಳನ್ನು ಗಾಳಿಗೆ ಬಿಟ್ಟರು. ಗಾಳಿ ತಿರುಗಿದುದರಿಂದ ಕೆಲವು ಬಿಟ್ಟವರ ಕಡೆಗೇ ಮರಳಿದವು. ೧೯೧೮ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ನಿರ್ಮಿಸಿದ ಪುಟ್ಟ ವಿಮಾನದಲ್ಲಿ ಎಂಜಿನಿನ ಸುತ್ತುಗಳನ್ನು ಎಣಿಸುವ ಸಾಧನವಿತ್ತು. ಗೊತ್ತುಪಡಿಸಿದ ಎಣಿಕೆ ಮುಗಿದೊಡನೆ ಎಂಜಿನು ನಿಂತು, ರೆಕ್ಕೆಗಳು ಕಳಚಿ, ಸಿಡಿಮದ್ದು ತುಂಬಿದ ಒಡಲು ನೆಲಕ್ಕೆ ಬೀಳಬೇಕೆಂಬುದು ಯೋಜನೆ. ಅಷ್ಟರಲ್ಲಿ ಮಹಾಯುದ್ಧವೇ ಮುಗಿಯಿತು. ೧೯೪೪ರ ಜೂನ್ ೧೩ರಿಂದ ಲಂಡನ್ನಿನ ಮೇಲೆ ಬೀಳತೊಡಗಿದ ಜರ್ಮನಿಯ ವಿ-೧ ಬಾಂಬಿನ ಮೂಗಿನ ತುದಿಯಲ್ಲಿದ್ದ ಸಣ್ಣ ಗಾಳಿಚಕ್ರ ದೂರವನ್ನು ಅಳೆಯುತ್ತಿತ್ತು, ಒಳಗಿದ್ದ ಜೈರೋಸ್ಕೋಪು ಸಮತೋಲವನ್ನು ಕಾಯುತ್ತಿತ್ತು. ಬ್ರಿಟಿಷ್ ವೈಮಾನಿಕರಲ್ಲಿ ಧೈರ್ಯಶಾಲಿಗಳು ಅದರ ಪಕ್ಕದಲ್ಲಿಯೇ ಹಾರಿ, ತಮ್ಮ ರೆಕ್ಕೆಯನ್ನು ಅದರ ರೆಕ್ಕೆಯ ಕೆಳಗೆ ತಂದು ಮೇಲೆತ್ತಿ, ಜೈರೋಸ್ಕೋಪನ್ನು ತಬ್ಬಿಬ್ಬುಗೊಳಿಸಿ ಅದನ್ನು ಉರುಳಿಸಿಬಿಡುತ್ತಿದ್ದರು. ಇವೆಲ್ಲ ಸ್ವಯಂಚಾಲಿತ ಯಂತ್ರಗಳು, ಸ್ವಾಯತ್ತವಲ್ಲ. ತಾನೇ ಹೋಗುವುದು ಬೇರೆ, ಎಲ್ಲಿಗೆ ಹೋಗಬೇಕೆಂದು ತಾನೇ ಗೊತ್ತುಮಾಡುವುದು ಬೇರೆ. ನಮ್ಮ ಪತ್ರಿಕೆಗಳು ಈ ಎರಡು ಶಬ್ದಗಳನ್ನು ಪರ್ಯಾಯಪದಗಳಂತೆ ಬಳಸಿ ಉಂಟುಮಾಡಿರುವ ಗೊಂದಲ ಅಷ್ಟಿಷ್ಟಲ್ಲ.

ಮೂರನೆಯದು ದೂರನಿಯಂತ್ರಿತ. ೨೦೦೧ರ ಅಕ್ಟೋಬರಿನಲ್ಲಿ ಆಫ್ಘಾನಿಸ್ತಾನದ ಆಕಾಶದಲ್ಲಿ ಪ್ರಿಡೇಟರ್ ಎಂಬ ವಿಮಾನವು ಕ್ಷಿಪಣಿಯನ್ನು ಪ್ರಯೋಗಿಸಿದಾಗ, ಗುಂಡಿಯನ್ನೊತ್ತಿದ ಕೈ ಅಮೆರಿಕದಲ್ಲಿತ್ತು. ಸಾವಿರಾರು ಮೈಲಿ ದೂರವಿದ್ದರೂ ಅದು ಕೈಯೇ, ವಿಮಾನ ಕರಣವೇ. ಅದಕ್ಕೆ ಹತ್ತು ವರ್ಷ ಹಿಂದೆ, ೧೯೯೧ರ ಕೊಲ್ಲಿ ಯುದ್ಧದಲ್ಲಿ, ಕುವೈತಿಗೆ ಸೇರಿದ ಫೈಲಕಾ ದ್ವೀಪದಲ್ಲಿ ವಿಚಿತ್ರವಾದ ಘಟನೆಯೊಂದು ನಡೆಯಿತು. ವಿಸ್ಕಾನ್ಸಿನ್ ಎಂಬ ಯುದ್ಧನೌಕೆಯಿಂದ ಹಾರಿಸಿದ ಪಯೋನಿಯರ್ ಡ್ರೋನು ತಲೆಯ ಮೇಲೆ ಸುತ್ತುತ್ತಿದ್ದುದನ್ನು ಕಂಡ ಇರಾಕಿನ ಸೈನಿಕರು, ಅದರ ಬೆನ್ನಿಗೇ ಫಿರಂಗಿಯ ಗುಂಡುಗಳು ಬರುವುವೆಂದು ಅನುಭವದಿಂದ ಬಲ್ಲವರಾಗಿ, ಬಿಳಿಯ ಬಟ್ಟೆಗಳನ್ನು ಬೀಸಿ ಆ ಯಂತ್ರಕ್ಕೇ ಶರಣಾದರು. ನೌಕೆಯಲ್ಲಿ ಕುಳಿತು ಚಿತ್ರಗಳನ್ನು ನೋಡುತ್ತಿದ್ದವರು ಆ ಬಟ್ಟೆಯ ಅರ್ಥವನ್ನು ಗ್ರಹಿಸಿದರು. ಶರಣಾದವರು ಬದುಕಿದ್ದು ಬಟ್ಟೆಯ ಬಿಳುಪಿನಿಂದಲ್ಲ, ಅದನ್ನು ಓದಬಲ್ಲ ಮನುಷ್ಯನೊಬ್ಬನು ತಂತಿಯ ಆ ಕೊನೆಯಲ್ಲಿದ್ದುದರಿಂದ.

ಆ ತಂತಿ, ಎಂದರೆ ರೇಡಿಯೋ ಸಂಪರ್ಕ, ಕತ್ತರಿಸಿಹೋದರೆ? ಯಂತ್ರವನ್ನು ಸ್ವಾಯತ್ತತೆಯ ಕಡೆಗೆ ನೂಕುತ್ತಿರುವ ಮುಖ್ಯ ಕಾರಣ ಇದೇ. ೨೦೨೨ರಲ್ಲಿ ರಷ್ಯವು ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ಮಾಡಿದ ಮೇಲೆ ಎರಡು ಪಕ್ಷದವರೂ ಲಕ್ಷಾಂತರ ಡ್ರೋನುಗಳನ್ನು ಬಳಸಿದರು. ಎರಡು ಪಕ್ಷದವರೂ ಎದುರಾಳಿಯ ರೇಡಿಯೋ ಅಲೆಗಳನ್ನು ಕೆಡಿಸುವ ವಿದ್ಯೆಯಲ್ಲಿ ಪಳಗಿದರು. ಇದಕ್ಕೆ ಪರಿಹಾರ ಎರಡು. ಡ್ರೋನಿನ ಹಿಂದೆ ಕಿಲೋಮೀಟರುಗಟ್ಟಲೆ ಗಾಜಿನ ಎಳೆಯನ್ನು ಬಿಚ್ಚಿಕೊಂಡು ಹೋಗುವುದು ಒಂದು. ಸಂಪರ್ಕ ತಪ್ಪಿದ ಮೇಲೆ ಕಣ್ಣಿಗೆ ಕಂಡ ಗುರಿಯನ್ನು ಯಂತ್ರವೇ ಹಿಂಬಾಲಿಸಿ ಹೊಡೆಯುವಂತೆ ಅದಕ್ಕೆ ಕಲಿಸುವುದು ಇನ್ನೊಂದು. ಎರಡನೆಯದನ್ನು ಯಾವ ದಾರ್ಶನಿಕನೂ ಯೋಚಿಸಿ ಆರಿಸಲಿಲ್ಲ. ಅಲೆ ಕೆಟ್ಟಿತು, ಯಂತ್ರಕ್ಕೆ ಬುದ್ಧಿ ಬೇಕಾಯಿತು. ಬೆಲೆಯ ಮಾತೂ ಉಂಟು. ಕೆಲವು ಹತ್ತು ಸಾವಿರ ಡಾಲರುಗಳ ಡ್ರೋನನ್ನು ಉರುಳಿಸಲು ಹತ್ತಾರು ಲಕ್ಷ ಡಾಲರುಗಳ ಕ್ಷಿಪಣಿಯನ್ನು ವ್ಯಯಿಸುವ ರಾಜ್ಯ ಎಷ್ಟು ದಿನ ತಾಳೀತು? ರಾಡಾರಿನ ಅಲೆಯನ್ನು ತಾನೇ ಹುಡುಕಿ ಅದರ ಮೂಲದ ಮೇಲೆ ಬೀಳುವ ಇಸ್ರೇಲಿನ ಹಾರ್ಪಿ ಎಂಬ ಆಯುಧವಂತೂ ೧೯೯೦ರ ದಶಕದಿಂದ ಇದೆ. ಆದುದರಿಂದ ‘ಸ್ವಾಯತ್ತ ಆಯುಧ ಬರಲಿದೆ’ ಎಂಬ ಭವಿಷ್ಯತ್ಕಾಲದ ಪ್ರಯೋಗವೇ ಸಾಧುವಲ್ಲ.

ವಿಮಾನ ವಿಮಾನಗಳು ಎದುರುಬದುರಾಗಿ ಕಾದುವ ದ್ವಂದ್ವಯುದ್ಧದ ವಿಷಯ ಇನ್ನಷ್ಟು ಕುತೂಹಲಕರ. ೨೦೨೦ರ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆ ಡಾರ್ಪಾ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ, ಗಣಕಯಂತ್ರದೊಳಗಿನ ಕಲ್ಪಿತ ಆಕಾಶದಲ್ಲಿ, ಹೆರಾನ್ ಸಿಸ್ಟಮ್ಸ್ ಎಂಬ ಸಣ್ಣ ಸಂಸ್ಥೆಯ ಕ್ರಮವಿಧಿಯು ನುರಿತ ಎಫ್-೧೬ ವೈಮಾನಿಕನನ್ನು ಐದಕ್ಕೆ ಐದು ಸಲವೂ ಸೋಲಿಸಿತು. ಅದಕ್ಕೆ ಎದುರಾಳಿಯ ನೆಲೆ ಸದಾ ನಿಖರವಾಗಿ ತಿಳಿದಿತ್ತೆಂಬುದನ್ನೂ, ಮನುಷ್ಯರ ಅಭ್ಯಾಸದಲ್ಲಿ ನಿಷಿದ್ಧವಾದ, ಮುಖಾಮುಖಿ ನುಗ್ಗಿ ಗುಂಡು ಹಾರಿಸುವ ಪಟ್ಟನ್ನು ಅದು ಹಿಡಿಯಿತೆಂಬುದನ್ನೂ ಮರೆಯಬಾರದು. ಅನಂತರ ಕಲ್ಪಿತ ಆಕಾಶದಿಂದ ನಿಜವಾದ ಆಕಾಶಕ್ಕೆ ಬಂದರು. ೨೦೨೩ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಎಡ್ವರ್ಡ್ಸ್ ನೆಲೆಯಲ್ಲಿ ಎಕ್ಸ್-೬೨ಎ ಎಂಬ ಮಾರ್ಪಡಿಸಿದ ವಿಮಾನವು ಮನುಷ್ಯ ನಡೆಸುತ್ತಿದ್ದ ಎಫ್-೧೬ರೊಡನೆ ಸೆಣಸಿತು. ಗಂಟೆಗೆ ೧೨೦೦ ಮೈಲಿಗಳ ವೇಗದಲ್ಲಿ ೨೦೦೦ ಅಡಿಗಳಷ್ಟು ಸಮೀಪಕ್ಕೆ ಅವು ಬಂದವಂತೆ. ಅಪಾಯ ಒದಗಿದರೆ ಚಾಲನೆಯನ್ನು ಕೈಗೆ ತೆಗೆದುಕೊಳ್ಳಲು ಒಳಗೆ ವೈಮಾನಿಕರಿದ್ದರು, ಆದರೆ ಅವರು ಕೈಯಿಕ್ಕುವ ಪ್ರಸಂಗ ಬರಲಿಲ್ಲ. ಆ ಪ್ರಯೋಗದ ೨೧ ಹಾರಾಟಗಳ ಅವಧಿಯಲ್ಲಿ ಕ್ರಮವಿಧಿಯ ಲಕ್ಷಕ್ಕೂ ಮಿಕ್ಕಿ ಸಾಲುಗಳನ್ನು ತಿದ್ದಿದರೆಂದು ಕೇಳಿದಾಗ, ತಾಳೆಗರಿಯ ಪಾಠಾಂತರಗಳಲ್ಲಿ ಆಯುಷ್ಯ ಕಳೆದ ನಮ್ಮ ಹಿರಿಯ ಗ್ರಂಥಸಂಪಾದಕರಿಗೂ ಬೆರಗಾಗುತ್ತಿತ್ತು.

ಈ ಯಂತ್ರ ಕಲಿಯುವ ರೀತಿ ಅಧ್ಯಾಪಕರಿಗೆ ಗಮನಾರ್ಹವಾದುದು. ಹಿಂದಿನ ಯಂತ್ರಗಳಿಗೆ ಸೂತ್ರಗಳನ್ನು ಕಟ್ಟಿಕೊಡುತ್ತಿದ್ದರು: ಇಂತಹ ಸ್ಥಿತಿ ಬಂದರೆ ಇಂತಹ ಕೆಲಸ ಮಾಡು ಎಂದು. ಇದಕ್ಕೆ ಸೂತ್ರವಿಲ್ಲ. ಗೆದ್ದರೆ ಪುರಸ್ಕಾರದ ಅಂಕ, ಸೋತರೆ ದಂಡದ ಅಂಕ ಕೊಟ್ಟು, ಅಗಣಿತ ಸಲ ಹೋರಾಡಲು ಬಿಡುತ್ತಾರೆ. ಅದು ಯಾವುದೋ ಒಂದು ಹದವನ್ನು ತಾನೇ ಕಂಡುಕೊಳ್ಳುತ್ತದೆ. ಏಕೆ ಹೀಗೆ ತಿರುಗಿದೆ ಎಂದು ಕೇಳಿದರೆ ಹೇಳಲಾರದು. ನಿರ್ಮಿಸಿದವರೂ ಪೂರ್ತಿಯಾಗಿ ಹೇಳಲಾರರು. ನಮ್ಮ ಪಾಠಶಾಲೆಗಳಲ್ಲಿ ಪದ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ ವಿದ್ಯಾರ್ಥಿಗೂ ಗುರುಗಳು ‘ಅನ್ವಯ ಹೇಳು’ ಎನ್ನುತ್ತಿದ್ದರು. ಅನ್ವಯ ಹೇಳದಿದ್ದರೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ.

ಕೆಲವರು ಸಮಾಧಾನ ಹೇಳುವುದುಂಟು: ಯಂತ್ರ ಸೂಚಿಸಲಿ, ಕೊನೆಯ ಅಪ್ಪಣೆ ಮನುಷ್ಯನದೇ ಇರಲಿ, ಆಗ ತೊಡಕಿಲ್ಲವೆಂದು. ೨೦೦೩ರ ಇರಾಕ್ ಯುದ್ಧದ ಒಂದು ದುರಂತವನ್ನು ಅವರು ನೋಡಬೇಕು. ಮಾರ್ಚ್ ೨೩ರಂದು ಕಾರ್ಯ ಮುಗಿಸಿ ಕುವೈತಿನ ನೆಲೆಗೆ ಮರಳುತ್ತಿದ್ದ ಬ್ರಿಟನ್ನಿನ ಟೊರ್ನೇಡೊ ವಿಮಾನವನ್ನು, ಮಿತ್ರರಾದ ಅಮೆರಿಕದವರದೇ ಪೇಟ್ರಿಯಟ್ ಕ್ಷಿಪಣಿದಳವು ಹೊಡೆದುರುಳಿಸಿತು. ಒಳಗಿದ್ದ ಇಬ್ಬರೂ ಮಡಿದರು. ಪೇಟ್ರಿಯಟಿನ ಗಣಕವು ಆ ವಿಮಾನವನ್ನು ರಾಡಾರನ್ನು ನಾಶಮಾಡಲು ಬರುವ ಶತ್ರುಕ್ಷಿಪಣಿಯೆಂದು ವರ್ಗೀಕರಿಸಿ ತೆರೆಯ ಮೇಲೆ ತೋರಿಸಿತ್ತು. ವಿಮಾನದಿಂದ ಬರಬೇಕಾಗಿದ್ದ ಮಿತ್ರಸಂಕೇತ ಬಂದಿರಲಿಲ್ಲ. ತೆರೆಯ ಮುಂದಿದ್ದವರಿಗೆ ನಿರ್ಧರಿಸಲು ಸುಮಾರು ಒಂದು ನಿಮಿಷ ಮಾತ್ರ ಇತ್ತು. ಬೇಗ ಹೊಡೆಯಬೇಕು, ಯಂತ್ರವನ್ನು ನಂಬಬೇಕು ಎಂಬುದೇ ಅವರು ಪಡೆದ ಶಿಕ್ಷಣವಾಗಿತ್ತೆಂದು ಬ್ರಿಟಿಷರ ವಿಚಾರಣಾ ವರದಿ ಹೇಳಿತು. ಹತ್ತು ದಿನಗಳ ಬಳಿಕ, ಏಪ್ರಿಲ್ ೨ರಂದು, ಪೇಟ್ರಿಯಟ್ ಕ್ಷಿಪಣಿಗಳೇ ಅಮೆರಿಕದ ನೌಕಾಪಡೆಯ ವಿಮಾನವೊಂದನ್ನೂ ಕೆಡವಿ ಅದರ ಚಾಲಕನನ್ನು ಕೊಂದವು. ಇಲ್ಲಿ ಅಪ್ಪಣೆ ಮನುಷ್ಯನದೇ. ಆದರೆ ಕಂಡದ್ದು ಯಾರು? ಶತ್ರುವೆಂದು ಹೆಸರಿಟ್ಟದ್ದು ಯಾರು? ಒಲ್ಲೆನೆನ್ನುವ ಶಕ್ತಿಯನ್ನು ಬಡಗಿಯಿಂದ ಕಸಿದುಕೊಂಡು, ಕೊಡಲಿಗೆ ಕೊಡದೆ ಬಿಟ್ಟರೆ ಅದು ಎಲ್ಲಿ ಉಳಿಯಿತು? ಇಂತಹ ಸಂದರ್ಭದಲ್ಲಿ ಕರ್ತೃಪದ ಯಂತ್ರಕ್ಕೂ ಸಲ್ಲುವುದಿಲ್ಲ, ಮನುಷ್ಯನಲ್ಲಿಯೂ ನಿಲ್ಲುವುದಿಲ್ಲ. ಯಂತ್ರವು ಕರ್ತೃವಾಗಿಬಿಡುತ್ತದೆಂಬುದಕ್ಕಿಂತ, ವಾಕ್ಯವೇ ಕರ್ತೃವಿಲ್ಲದಂತಾಗುತ್ತದೆಂಬುದು ನನಗೆ ಹೆಚ್ಚು ಭಯಾವಹವಾಗಿ ತೋರುತ್ತದೆ.

ಇವೆಲ್ಲ ದೂರದೇಶದ ವಾರ್ತೆಗಳೆಂದು ನಾವು ಕಡೆಗಣಿಸುವಂತಿಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ನಮ್ಮ ಸೇನೆಗಳ ಗುರಿಯಭ್ಯಾಸಕ್ಕಾಗಿ ರೂಪಿಸಿದ ಚಾಲಕರಹಿತ ವಿಮಾನದ ಹೆಸರು ‘ಲಕ್ಷ್ಯ’, ಹೆಸರೇ ಕರ್ಮಪದ. ಅದೇ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ೨೦೨೧ರ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ವಿಮಾನದ ಜತೆಗಾರನಾಗಿ ಹಾರಬೇಕಾದ ಯಂತ್ರದ ಮಾದರಿಯನ್ನಿಟ್ಟಾಗ ಅದಕ್ಕೆ ಕೊಟ್ಟ ಹೆಸರು ‘ವಾರಿಯರ್’, ಎಂದರೆ ಯೋಧ. ಲಕ್ಷ್ಯದಿಂದ ಯೋಧನವರೆಗಿನ ದಾರಿಯನ್ನು ಒಂದೇ ಊರು ನಡೆದುಬಿಟ್ಟಿದೆ. ಇಂತಹ ಯಂತ್ರವನ್ನು ಇಂಗ್ಲಿಷಿನಲ್ಲಿ ‘ನಿಷ್ಠಾವಂತ ಪಾರ್ಶ್ವಚರ’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ದ್ರೋಹ ಮಾಡಲಾರದ ವಸ್ತುವಿನಲ್ಲಿ ನಿಷ್ಠೆಯನ್ನು ಆರೋಪಿಸುವುದು ಕವಿಸಮಯವಾದರೆ ಸರಿ. ಬಾಲವಿಲ್ಲದ, ಬರಿಯ ರೆಕ್ಕೆಯಾಕಾರದ ಪ್ರಾಯೋಗಿಕ ವಿಮಾನವೊಂದು ೨೦೨೨ರ ಜುಲೈ ೧ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ಪರೀಕ್ಷಾನೆಲೆಯಿಂದ ತಾನೇ ಮೇಲೇರಿ, ಹಾರಿ, ತಾನೇ ಇಳಿಯಿತು. ೨೦೨೩ರ ಆಗಸ್ಟಿನಲ್ಲಿ ‘ತಪಸ್’ ಎಂಬ ಡ್ರೋನು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಾಗ ಊರಿಗೆ ಊರೇ ನೆರೆದು ನೋಡಿತು. ೨೦೨೫ರ ಮೇ ೮ರ ರಾತ್ರಿ ನಮ್ಮ ಪಶ್ಚಿಮ ಗಡಿಯ ೩೬ ಸ್ಥಳಗಳ ಕಡೆಗೆ ಪಾಕಿಸ್ತಾನವು ಮುನ್ನೂರರಿಂದ ನಾನೂರು ಡ್ರೋನುಗಳನ್ನು ಕಳುಹಿತೆಂದು ಭಾರತ ಸರ್ಕಾರ ಪ್ರಕಟಿಸಿತು.

ಈ ಆಯುಧಗಳಿಗೆ ಮೇರೆ ಹಾಕುವ ಕುರಿತು ಜಿನೀವದಲ್ಲಿ ೨೦೧೪ರಿಂದ ರಾಷ್ಟ್ರಗಳು ಕೂಡಿ ಮಾತನಾಡುತ್ತ ಬಂದಿವೆ. ೨೦೨೩ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬಂದ ನಿರ್ಣಯಕ್ಕೆ ೧೫೨ ರಾಷ್ಟ್ರಗಳು ಒಪ್ಪಿಗೆಯಿತ್ತವು. ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಚರ್ಚೆಗೆ ಜಿನೀವವೇ ತಕ್ಕ ವೇದಿಕೆಯೆಂಬುದು ನಮ್ಮವರ ವಾದ. ಗಡಿಯಲ್ಲಿ ಶತ್ರುವಿರುವ ದೇಶ ಕೈಕಟ್ಟಿಕೊಳ್ಳಲು ಹಿಂಜರಿಯುವುದು ಅರ್ಥವಾಗದ ಸಂಗತಿಯಲ್ಲ. ಕರಡುಗಳಲ್ಲಿ ಹೆಚ್ಚಾಗಿ ಕಾಣುವ ಮಾತು ‘ಅರ್ಥಪೂರ್ಣವಾದ ಮಾನವ ನಿಯಂತ್ರಣ’. ಅಮೆರಿಕದ ರಕ್ಷಣಾ ಇಲಾಖೆ ೨೦೧೨ರಲ್ಲಿ ಹೊರಡಿಸಿ ೨೦೨೩ರಲ್ಲಿ ಪರಿಷ್ಕರಿಸಿದ ನಿರ್ದೇಶನದಲ್ಲಿರುವುದು ‘ಸಮುಚಿತ’ವಾದ ಮಾನವ ವಿವೇಚನೆ ಎಂಬರ್ಥದ ಮಾತು. ಎರಡು ವಿಶೇಷಣಗಳಿಗೂ ಲಕ್ಷಣ ಹೇಳುವ ಕಷ್ಟ ಒಂದೇ. ಕುವೈತಿನ ಆ ಒಂದು ನಿಮಿಷ ಅವುಗಳ ಒಳಗೋ, ಹೊರಗೋ?

ಅಧ್ಯಾಪಕಮಿತ್ರರಿಗೆ ಒಂದು ಸೂಚನೆ. ಹತ್ತನೆಯ ತರಗತಿಯಲ್ಲಿ ಪ್ರಯೋಗಗಳನ್ನು ಪಾಠಮಾಡುವಾಗ ಬಡಗಿಯ ಜತೆಗೆ ಈ ವಾಕ್ಯಗಳನ್ನೂ ಕರಿಹಲಗೆಯ ಮೇಲೆ ಬರೆಯಬಹುದು: ‘ದಳಪತಿಯು ಡ್ರೋನಿನಿಂದ ಶತ್ರುವನ್ನು ಕೊಂದನು.’ ‘ದಳಪತಿಯು ಡ್ರೋನಿನಿಂದ ಶತ್ರುವನ್ನು ಕೊಲ್ಲಿಸಿದನು.’ ‘ಡ್ರೋನು ಶತ್ರುವನ್ನು ಕೊಂದಿತು.’ ಮಕ್ಕಳು ಮೂರರ ಭೇದವನ್ನೂ ಹೇಳಿದ ಮೇಲೆ, ಯುದ್ಧಕಾಲದ ಪ್ರಕಟಣೆಗಳಲ್ಲಿ ದಿನವೂ ಬರುವ ನಾಲ್ಕನೆಯದನ್ನು ಬರೆದು, ಬಿಟ್ಟುಹೋಗಿರುವ ಕರ್ತೃಪದವನ್ನು ತುಂಬಲು ಹೇಳಬೇಕು: ‘ಗುರಿಯನ್ನು ನಾಶಪಡಿಸಲಾಯಿತು.’