ಜಾತಕ ಕೂಡಿದೆ, ಮನಸ್ಸು ಒಪ್ಪುತ್ತಿಲ್ಲ

ಜಾತಕ ಕೂಡಿ ಬಂದರೂ ಮನಸ್ಸು ಹಿಂಜರಿಯುತ್ತಿದೆ ಎಂದು ಬರೆದಿದ್ದೀರಿ. ಆ ಅಳುಕನ್ನು ತಳ್ಳಿಹಾಕಬೇಡಿ. ಹಿರಿಯರು ನೋಡಿದ ಸಂಬಂಧದಲ್ಲಿ ಅನುಕೂಲವಿರುವುದು ನಿಜ: ಹುಡುಗನ ಸಾಲ, ಚಟ, ಕೆಲಸವನ್ನೆಲ್ಲ ನಾಲ್ಕು ಕಡೆ ವಿಚಾರಿಸುತ್ತಾರೆ, ಕಷ್ಟಕ್ಕೆ ಎರಡೂ ಮನೆಯವರು ನಿಲ್ಲುತ್ತಾರೆ. ಆದರೆ ಉಪ್ಪಿಟ್ಟು, ಕಾಫಿ ಮುಗಿಯುವಷ್ಟರಲ್ಲಿ ಯಾರ ಸ್ವಭಾವವೂ ತಿಳಿಯದು. ನಿಶ್ಚಿತಾರ್ಥ ಎರಡು ತಿಂಗಳು ಮುಂದಕ್ಕೆ ಹಾಕಿ ಎಂದು ಅಪ್ಪನಿಗೆ ನೇರವಾಗಿ ಹೇಳಿ. ಹುಡುಗನನ್ನು ಭೇಟಿಯಾಗಿ ಕೇಳಿ: ಮದುವೆಯಾದ ಮೇಲೆ ನನ್ನ ನೌಕರಿ ಮುಂದುವರಿಯುತ್ತದೆಯೇ? ನನ್ನ ಸಂಬಳ ಯಾರ ಕೈಯಲ್ಲಿ? ಅಡುಗೆಮನೆಗೆ ನೀವೂ ಬರುತ್ತೀರಾ?

ಇನ್ನು ಹುಡುಗನ ಮನೆಯವರು ವರದಕ್ಷಿಣೆಯಾಗಿ ಕೇಳಿರುವ ಕಾರಿನ ವಿಷಯ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಕೇಳುವುದೂ ಅಪರಾಧ, ಕೊಡುವುದೂ ಅಪರಾಧ. ನಾನಾಗಿದ್ದರೆ ಈ ಒಂದು ಬೇಡಿಕೆಗೇ ಸಂಬಂಧ ಬಿಡುತ್ತಿದ್ದೆ. ಛತ್ರಕ್ಕೆ ಕೊಟ್ಟ ಮುಂಗಡ ಹೋದರೆ ಹೋಗಲಿ, ಅದಕ್ಕಾಗಿ ಒಪ್ಪಿಕೊಳ್ಳಬೇಡಿ.